ಮಲಗುವ ಮುಂಚೆ ಕಾರ್ಡಿಗೆ ಹೇಳಿ

ಸೋರ್ವೆಯ ತುದಿ, ದೀಪಸ್ತಂಭದ ಕೆಳಗಿನ ಗುಡಿಸಲು,
ಅಕ್ಟೋಬರ್ ಇಪ್ಪತ್ಮೂರು, ಬೆಳಗಿನ ಐದೂವರೆ.
ಬಲೆಯಲ್ಲಿ ಸಿಕ್ಕಿದ್ದು ಒಬ್ಬ ಹೆಬ್ಬೆರಳ ಹುಡುಗ.
ಎಸ್ಟೋನಿಯಾದಲ್ಲಿ ಆ ಹಕ್ಕಿಯನ್ನು ಹಾಗೇ ಕರೆಯುತ್ತಾರೆ.
ತೂಕ ಐದು ಗ್ರಾಂ. ನೆತ್ತಿಯ ಮೇಲೊಂದು ಅರಿಸಿನದ ಗೀಟು.
ಕಾಲಿಗೆ ಉಂಗುರ ತೊಡಿಸಿ ನಂಬರು ಓದಿ
ಕೈಗಂಪ್ಯೂಟರಿನ ಗುಂಡಿ ಒತ್ತಿದೆ.
ಪರದೆ ಕಣ್ಣು ಬಿಟ್ಟಿತು,
ಬಿಟ್ಟು ಕೇಳಿತು: ಯಾವ ಕಾರ್ಡು?

ಕಾರ್ಡು ಅಲ್ಲೇ ಇದೆ. ನಿನ್ನೆ ಇದ್ದ ಸೀಳಿನಲ್ಲೇ.
ಉಗುರಿಂದ ಒತ್ತಿದರೆ ಟಿಕ್, ಹೊರಗೆ;
ಟಿಕ್, ಒಳಗೆ.
ಅದರ ಹೊಟ್ಟೆಯಲ್ಲಿ ಒಂಬತ್ತು ದಿನದ ರೆಕ್ಕೆಗಳ ಅಳತೆ.
ಪಟ್ಟಿ ತೋರಿಸು ಅಂದರೆ: ಖಾಲಿ.
ಬರೆದುಕೋ ಅಂದರೆ: ಆಗದು.
ಹಟ ಹಿಡಿದು ಇನ್ನೊಮ್ಮೆ ಅಂದರೆ
ಬರೆದೆ, ಅನ್ನುತ್ತದೆ.
ನನಗೆ ಹೆದರಿಕೆ ಹುಟ್ಟಿದ್ದು ಆಗ.

ಐದು ಗ್ರಾಂ ಕಾಯುವುದಿಲ್ಲ.
ನಂಬರನ್ನು ಅಂಗೈಗೆ ಗೀಚಿ ಹಕ್ಕಿಯನ್ನು ಕಿಟಕಿಯಿಂದ ಬಿಟ್ಟೆ.

ಒಲೆಗೆ ಸೌದೆ ಒಡ್ಡುತ್ತ ಕಾಲ್ಯು ನಕ್ಕ.
ಅವನದು ಎಣ್ಣೆಬಟ್ಟೆಯ ರಟ್ಟಿನ ಪುಸ್ತಕ, ಮೊಂಡು ಪೆನ್ಸಿಲು.
"ನೋಡು, ನನ್ನದು ಮಲಗುವುದೇ ಇಲ್ಲ."

ಥಂಡಿ ಇರಬೇಕು ಅಂದುಕೊಂಡೆ; ಕಂಕುಳಲ್ಲಿಟ್ಟು ಬಿಸಿ ಮಾಡಿದೆ.
ಕಿಲುಬು ಇರಬೇಕು ಅಂದುಕೊಂಡೆ; ಅವನದೇ ರಬ್ಬರಿನಿಂದ
ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಉಜ್ಜಿದೆ.
ಕ್ಯಾಮೆರಾದ ಕಾರ್ಡು ಕಿತ್ತು ಇದಕ್ಕೆ ಹಾಕಿದೆ,
ಅದೂ ಹಾಗೇ. ಅಂದರೆ ತಪ್ಪು ಕಾರ್ಡಿನದಲ್ಲ.
ಒಂದು ನಿಮಿಷ ಮಲಗಿಸಿ ಎಬ್ಬಿಸಿದೆ: ಸರಿ.
ಹತ್ತು ನಿಮಿಷ: ಸರಿ.
ಒಂದು ಗಂಟೆ: ಯಾವ ಕಾರ್ಡು?

ಮಧ್ಯಾಹ್ನ, ಬಲೆ ಮಡಚಿ, ಅದರ ದಿನಚರಿ ತೆರೆದೆ.
ರಾತ್ರಿ ಒಂಬತ್ತು ಹದಿನಾಲ್ಕು: ನಿದ್ದೆ.
ಬೆಳಗ್ಗೆ ಐದು ಮೂವತ್ತೊಂದು: ಕಾರ್ಡು ತೆಗೆಯಲಾಗಿದೆ.
ಅದೇ ನಿಮಿಷ, ಅದೇ ಸೆಕೆಂಡು: ಹೊಸ ಕಾರ್ಡು ಹಾಕಲಾಗಿದೆ.
ತೆಗೆದವರು ಯಾರು? ಹಾಕಿದವರು ಯಾರು?
ಗುಡಿಸಲಲ್ಲಿದ್ದದ್ದು ನಾನು, ಕಾಲ್ಯು, ಒಂದು ಇಲಿ.

ನಿಧಾನಕ್ಕೆ ಅರ್ಥವಾಯಿತು.
ಗಾಢ ನಿದ್ದೆಗೆ ಜಾರುವಾಗ ಯಂತ್ರ
ಬ್ಯಾಟರಿ ಉಳಿಸಲು ಕಾರ್ಡಿನ ಕರೆಂಟು ತೆಗೆಯುತ್ತದೆ.
ಎದ್ದ ಕೂಡಲೇ ಕೂಗುತ್ತದೆ, ಇದ್ದೀಯಾ?
ಕಾರ್ಡು ಇನ್ನೂ ಮೈಮುರಿಯುತ್ತಿದೆ, ಓ ಅನ್ನಲಾಗಲಿಲ್ಲ.
ಸರಿ, ಹೋಯಿತು ಎಂದು ಯಂತ್ರ ಕೈತೊಳೆದುಕೊಂಡಿತು.
ಅರೆಗಳಿಗೆ ಕಳೆದು ಓ ಅಂದದ್ದಕ್ಕೆ
ಹೊಸ ಹೆಸರಿಟ್ಟು ಜಗಲಿಯಲ್ಲಿ ಕೂರಿಸಿತು.
ನನ್ನ ತೆರೆದ ಪುಸ್ತಕವೋ
ಇನ್ನೂ ಹಳೆ ಹೆಸರಿನವನಿಗೇ ಲೆಕ್ಕ ಒಪ್ಪಿಸುತ್ತಿತ್ತು.

ನಾಲ್ಕು ಸಾಲಿನ ಆಜ್ಞೆ ಬರೆದಿಟ್ಟೆ:
ಮಲಗುವ ಮುಂಚೆ ಪುಸ್ತಕ ಮುಚ್ಚು,
ಉಳಿದದ್ದನ್ನು ಕಾರ್ಡಿಗೆ ಸುರಿ, ಕಾರ್ಡಿನ ಕೊಂಡಿ ಬಿಡಿಸು.
ಎದ್ದ ಮೇಲೆ ಎರಡು ಸೆಕೆಂಡು ತಾಳು.
ಆಮೇಲೆ ಕರೆ.
ಅಂದಿನಿಂದ ಒಮ್ಮೆಯೂ ಕೈಕೊಟ್ಟಿಲ್ಲ.

ಕುರೆಸ್ಸಾರೆಯ ಶಾಲೆಯ ಕಂಪ್ಯೂಟರಿನಲ್ಲಿ
ಒಂಬತ್ತು ದಿನವೂ ಸಿಕ್ಕವು, ರೆಕ್ಕೆ ಮಿಲಿಮೀಟರು ಸಮೇತ.
ಇಪ್ಪತ್ತೆರಡರ ಸಂಜೆಯ ಕಡತಕ್ಕೆ ಹೆಸರಿತ್ತು, ಗಾತ್ರ ಸೊನ್ನೆ.
ಹದಿನೇಳು ಹಕ್ಕಿ.

ಮಾತಾಡದೆ ಕಾಲ್ಯುವಿನ ಪುಸ್ತಕ ಕೇಳಿ ತೆರೆದೆ.
ಹನ್ನೊಂದರವರೆಗೆ ಮುದ್ದಾದ ಅಕ್ಷರ.
ಹನ್ನೆರಡನೆಯದು ಅರ್ಧ ಅಂಕಿ, ಅಲ್ಲಿಂದ
ಪುಟದ ಅಂಚಿನವರೆಗೆ ಪೆನ್ಸಿಲಿನ ಒಂದೇ ಇಳಿಜಾರು ಗೆರೆ.
ಅವನು ಕಿವಿ ಕೆಂಪಾಗಿ ಒಲೆಯ ಕಡೆ ತಿರುಗಿದ.
ನಾನು ನಗಬೇಕೆಂದುಕೊಂಡವಳು ನಗಲಿಲ್ಲ.

ಆರು ಹಕ್ಕಿಗಳು ಈಗ ಬಾಲ್ಟಿಕ್ ದಾಟಿ
ತೆಂಕಣದ ಯಾವುದೋ ಪೈನ್ ಕಾಡಿನಲ್ಲಿರಬಹುದು,
ಕಾಲಲ್ಲಿ ನಾವೇ ಕೊಟ್ಟ ನಂಬರು ಹೊತ್ತು.
ಅವುಗಳ ಬಳಿ ಇದೆ, ನಮ್ಮ ಬಳಿ ಇಲ್ಲ.
ಯಾರಾದರೂ ಹಿಡಿದು, ಓದಿ, ಕಾಗದ ಬರೆದಾರು.
ನಾವು ಕೇಳಬೇಕಾದೀತು: ಯಾವ ಹಕ್ಕಿ?

ಅಂಗೈಯ ನಂಬರು ಪಾತ್ರೆ ತೊಳೆಯುವಾಗ ಅಳಿಸಿತು.
ಕೊನೆಯ ಅಂಕಿ ಮೂರೋ ಎಂಟೋ,
ಇವತ್ತಿಗೂ ಗೊತ್ತಿಲ್ಲ.